ಕರಿಗಲ್ಲಿನಲ್ಲಿ ಸಿಕ್ಕ ಒಂದೇ ಒಂದು ಬೀಜಾಣು

ಕಲ್ಲು ಕುಟ್ಟಿ ಆಯಸ್ಸು ಕಳೆದವನಿಗೆ ನಗುವ ಪ್ರಸಂಗಗಳು ಎಲ್ಲಿಂದ ಬರಬೇಕು ಎಂದು ನನ್ನ ಹೆಂಡತಿ ಕೇಳುತ್ತಾಳೆ. ಬರುತ್ತವೆ. ಮುಖ ಗಂಟು ಹಾಕಿಕೊಂಡು ಕೆಲಸ ಮಾಡುತ್ತಿರುವಾಗಲೇ ಒಂದರ ಹಿಂದೆ ಒಂದು ಬರುತ್ತವೆ. ಆಗ ನಗಲಿಕ್ಕಾಗುವುದಿಲ್ಲ, ಅಷ್ಟೇ. ನನಗೆ ನಗು ಬರಲು ಬಹಳ ವರ್ಷ ಹಿಡಿಯಿತು, ಈಗಲೂ ಪೂರ್ತಿ ಬಂದಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಭೂವಿಜ್ಞಾನದ ಸಂಶೋಧನೆಗೆ ಸೇರಿದೆ. ಜರೀಗಿಡದಂಥವು ತಮ್ಮ ಸಂತಾನ ಬೆಳೆಸಲು ಗಾಳಿಗೆ ತೂರುವ ಕಣಕ್ಕೆ ಬೀಜಾಣು ಅನ್ನುತ್ತಾರೆ. ಕಣ್ಣಿಗೆ ಕಾಣದಷ್ಟು ಸಣ್ಣದು, ಆದರೆ ಅದರ ಸಿಪ್ಪೆ ಮಹಾ ಗಟ್ಟಿ. ಅದು ಕೆಸರಿಗೆ ಬಿದ್ದು, ಕೆಸರು ಕಲ್ಲಾದರೂ ಒಳಗೆ ಹಾಗೇ ಉಳಿದಿರುತ್ತದೆ. ಒಂದೊಂದು ಯುಗಕ್ಕೆ ಒಂದೊಂದು ಆಕಾರ. ಆಕಾರ ನೋಡಿ ಆ ಕಲ್ಲಿನ ಪದರ ಯಾವ ಕಾಲದ್ದು ಎಂದು ಹೇಳಬಹುದು. ಕಲ್ಲನ್ನು ಕುಟ್ಟಿ ಪುಡಿ ಮಾಡಿ, ಗಾಜನ್ನೂ ತಿಂದುಹಾಕುವ ಆಮ್ಲದಲ್ಲಿ ಹಾಕಿದರೆ ಕಲ್ಲೆಲ್ಲ ಕರಗಿ ಬೀಜಾಣು ಮಾತ್ರ ಉಳಿಯುತ್ತದೆ. ಇದ್ದರೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಕರಿಯ ಪದರಗಲ್ಲುಗಳು ಭೂಮಿಯ ಮೇಲೆ ಗಿಡವೆಂಬುದೇ ಹುಟ್ಟದ ಕಾಲದವು, ಅವುಗಳಲ್ಲಿ ಬೀಜಾಣು ಇರಲು ಸಾಧ್ಯವಿಲ್ಲ ಎಂದು ದೊಡ್ಡವರೆಲ್ಲ ಹೇಳುತ್ತಿದ್ದರು. ನನ್ನ ಮಾರ್ಗದರ್ಶಕರಾದ ಮೇಷ್ಟ್ರು ಒಬ್ಬರೇ ಅದನ್ನು ಒಪ್ಪುತ್ತಿರಲಿಲ್ಲ. "ಇಲ್ಲ ಅನ್ನೋರು ಯಾವತ್ತಾದ್ರೂ ಸರಿಯಾಗಿ ಹುಡುಕ್ಯಾರೇನು?" ಎನ್ನುತ್ತಿದ್ದರು. ಒಮ್ಮೆ ವಿದ್ವಾಂಸರ ಸಭೆಯಲ್ಲಿ ಎದ್ದುನಿಂತು ಹಾಗೇ ಹೇಳಿ ನಗೆಪಾಟಲಾಗಿದ್ದರು. ನಿವೃತ್ತಿಯಾಗುವುದರೊಳಗೆ ಒಂದೇ ಒಂದು ಬೀಜಾಣು ತೋರಿಸಿ ಆ ಸಭೆಯ ಬಾಯಿ ಮುಚ್ಚಿಸಬೇಕು ಎಂಬುದು ಅವರ ಹಟ. ನನ್ನ ಡಾಕ್ಟರೇಟು ಆ ಹಟಕ್ಕೆ ಗಂಟುಬಿದ್ದಿತ್ತು.

ಇಬ್ಬರು ಸಾಕ್ಷಿಗಳು

ಸವಳಂಗದ ಹತ್ತಿರ ಒಂದು ಹೊಲದ ಬದುವಿನಲ್ಲಿ ಒಳ್ಳೆಯ ಕರಿಗಲ್ಲು ತಲೆಯೆತ್ತಿ ನಿಂತಿತ್ತು. ನಾನು ಸುತ್ತಿಗೆ ಎತ್ತುವಷ್ಟರಲ್ಲಿ ಹೊಲದ ಯಜಮಾನರು ಬಂದರು.

"ಏನ್ ಮಾಡ್ತಿದೀರಿ?"

"ಈ ಕಲ್ಲಿಗೆ ಎಷ್ಟು ವಯಸ್ಸು ಅಂತ ನೋಡ್ತಿದೀನ್ರಿ."

"ಅದಕ್ಕೆ ಒಡೆಯೋದ್ಯಾಕೆ? ನನ್ನ ಕೇಳಿದ್ರೆ ಹೇಳ್ತಿದ್ದೆ. ನಮ್ಮಪ್ಪನ ಕಾಲದಾಗೂ ಐತೆ ಇದು."

ನಾನು ಸುತ್ತಿಗೆ ಕೆಳಗಿಳಿಸಿದ್ದನ್ನು ನೋಡಿ ಅವರಿಗೆ ನನ್ನ ಮೇಲೆ ಕನಿಕರ ಬಂತು. ಪಕ್ಕದ ಹೊಲದಲ್ಲಿದ್ದ ಮುದುಕರನ್ನು ಕೂಗಿ ಕರೆದರು. "ಅಜ್ಜಾ, ಈ ಕಲ್ಲು ನಿನಗೆ ಗೊತ್ತೇನು?"

ಮುದುಕರು ಹತ್ತಿರ ಬಂದು ಕಲ್ಲಿನ ಮೈ ತಡವಿದರು. "ಗೊತ್ತಿಲ್ಲದೆ ಏನು? ನಮ್ಮಜ್ಜ ಇದರ ಮ್ಯಾಲೆ ಕುಂತು ಬುತ್ತಿ ಉಣ್ತಿದ್ದ."

"ಬರ್ಕೊಳ್ರಿ" ಎಂದರು ಯಜಮಾನರು. ಬರೆದುಕೊಂಡೆ. ಅಲ್ಲಿಯವರೆಗೆ ಆಮ್ಲ ಸುರಿದು ಸುರಿದು ನಾನು ಸಂಪಾದಿಸಿದ್ದಕ್ಕಿಂತ ಅದು ಗಟ್ಟಿ ಸಾಕ್ಷ್ಯವಾಗಿತ್ತು.

ಕಲ್ಲಿನ ರುಚಿ

ನಮ್ಮ ವಿದ್ಯೆಯಲ್ಲಿ ಒಂದು ಪದ್ಧತಿ ಇದೆ. ಒಡೆದ ಕಲ್ಲನ್ನು ನಾಲಿಗೆಯಿಂದ ನೆಕ್ಕುತ್ತೇವೆ. ಒದ್ದೆಯಾದರೆ ಒಳಗಿನ ಕಣಗಳು ಎದ್ದು ಕಾಣುತ್ತವೆ. ಜಗಳೂರಿನ ಕಡೆ ಬಿಸಿಲಿನಲ್ಲಿ ಕೈಲಿದ್ದ ನೀರು ಮುಗಿದಿತ್ತು, ಹಾಗಾಗಿ ಬೆಳಗಿನಿಂದ ನಾಲಿಗೆಯೇ ಗತಿಯಾಗಿತ್ತು. ಎದುರಿಗೆ ಒಬ್ಬ ಕುರಿಗಾಹಿ ಕೋಲು ಊರಿಕೊಂಡು ನಿಂತು ನನ್ನನ್ನೇ ನೋಡುತ್ತಿದ್ದ. ನಾಲ್ಕನೇ ಕಲ್ಲು ನೆಕ್ಕಿದಾಗ ಅವನಿಗೆ ತಡೆಯಲಾಗಲಿಲ್ಲ.

"ಅದರಾಗೆ ಏನೂ ಇಲ್ರಿ ಸ್ವಾಮಿ. ಉಪ್ಪಿನ ಅಂಶ ಇರೋದು ಆ ದಿನ್ನೆ ಮ್ಯಾಲೆ. ಬರ್ರಿ ತೋರಿಸ್ತೀನಿ."

ವಿವರಿಸುವ ಶಕ್ತಿ ನನಗಿರಲಿಲ್ಲ. ಅವನ ಹಿಂದೆಯೇ ಹೋದೆ. ದಿನ್ನೆಯ ಮೇಲೆ ಅವನ ಕುರಿಗಳು ಸಾಲಾಗಿ ನಿಂತು ಒಂದು ಬಂಡೆಯನ್ನು ನೆಕ್ಕುತ್ತಿದ್ದವು. ಅವನು ಬಹಳ ಮರ್ಯಾದೆಯಿಂದ ಎರಡು ಕುರಿಗಳನ್ನು ಪಕ್ಕಕ್ಕೆ ಸರಿಸಿ ನನಗೆ ಜಾಗ ಮಾಡಿಕೊಟ್ಟ.

ಹೆಣ್ಣು ನೋಡಲು ಹೋದದ್ದು

ಸೂಳೆಕೆರೆಯ ಆಸುಪಾಸಿನ ಒಂದು ಊರಿಗೆ ಹೆಣ್ಣು ನೋಡಲು ಹೋದೆ. ಆ ಹೊತ್ತಿಗೆ ನಾನು ಕಲ್ಲು ಹಿಡಿದು ಆರು ವರ್ಷವಾಗಿತ್ತು. ಹುಡುಗಿಯ ತಂದೆ ತೋಟಗಾರರು, ನೇರ ಮಾತಿನವರು.

"ಏನು ಕೆಲಸ ನಿಮ್ಮದು?"

"ಕಲ್ಲಿನಲ್ಲಿ ಬೀಜಾಣು ಹುಡುಕೋದ್ರಿ."

"ಸಿಕ್ಕಾವಾ?"

"ಇನ್ನೂ ಇಲ್ಲ."

"ಎಷ್ಟು ವರ್ಷದಿಂದ?"

"ಆರು."

ಅವರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. "ಅಡಿಕೆ ಸಸಿ ಕೂಡ ಆರು ವರ್ಷಕ್ಕೆ ಗೊನೆ ಬಿಡ್ತೈತಲ್ರಿ" ಎಂದರು. ಸಂಬಂಧ ಮುರಿಯಿತು ಎಂದುಕೊಂಡು ನಾನು ಚಪ್ಪಲಿ ಎಲ್ಲಿ ಬಿಟ್ಟೆ ಎಂದು ನೋಡತೊಡಗಿದೆ. ಅವರು ಎದ್ದು ಒಳಗೆ ಹೋಗಿ ಹೆಂಡತಿಗೆ ಹೇಳಿದ್ದು ನಡುಮನೆಗೆ ಸ್ಪಷ್ಟವಾಗಿ ಕೇಳಿಸಿತು.

"ಈ ಹುಡುಗನ್ನೇ ಗಟ್ಟಿ ಮಾಡಾನ. ಆರು ವರ್ಷ ಏನೂ ಸಿಗದಿದ್ರೂ ಮುಖ ಮುರೀದೆ ಕುಂತಾನೆ. ನಮ್ಮ ಹುಡುಗಿ ಅಡಿಗೆ ಉಣ್ಣಾಕೆ ಇಂಥ ತಾಳ್ಮೆಯವನೇ ಬೇಕು."

ಮದುವೆಯಾಯಿತು. ಮಾವನವರು ಸುಳ್ಳು ಹೇಳುವವರಲ್ಲ ಎಂಬುದು ಮೊದಲನೇ ವಾರದಲ್ಲೇ ಗೊತ್ತಾಯಿತು.

ಮಲ್ಲಿಗೆ ನಿಷೇಧ

ಮೇಷ್ಟ್ರಿಗೆ ಕಲ್ಲಿಗಿಂತ ಗಾಳಿಯ ಚಿಂತೆ ಜಾಸ್ತಿ. ಇವತ್ತಿನ ಹೂವಿನ ಪರಾಗ ಹಾರಿಬಂದು ಕಲ್ಲಿನ ಪುಡಿಯೊಳಗೆ ಬಿದ್ದರೆ ಅದೂ ಬೀಜಾಣುವಿನಂತೆಯೇ ಕಂಡು ಮೋಸ ಮಾಡುತ್ತದೆ ಎಂದು ಪ್ರಯೋಗಾಲಯದ ಕಿಟಕಿಗಳ ಸಂದಿಗೆಲ್ಲ ಕಾಗದ ಅಂಟಿಸಿದ್ದರು. ಬಾಗಿಲ ಮೇಲೆ ಸ್ವಂತ ಕೈಯಲ್ಲಿ 'ಹೂ ಮುಡಿದವರು ಒಳಗೆ ಬರಕೂಡದು' ಎಂದು ಬರೆದು ಹಚ್ಚಿದ್ದರು. ಒಂದು ದಿನ ಕಾಲೇಜಿನ ಪ್ರಿನ್ಸಿಪಾಲರು ತಮ್ಮ ಶ್ರೀಮತಿಯವರಿಗೆ ಪ್ರಯೋಗಾಲಯ ತೋರಿಸಲು ಕರೆತಂದರು. ಅವರ ಮುಡಿಯಲ್ಲಿ ಮೊಳದುದ್ದ ಮಲ್ಲಿಗೆ. ಮೇಷ್ಟ್ರು ಬಾಗಿಲಿಗೆ ಅಡ್ಡ ನಿಂತರು.

"ತಾಯಿ, ತಾವು ಒಳಗೆ ಬರಬಹುದು. ಹೂ ಹೊರಗೆ ಇರಲಿ."

ಪ್ರಿನ್ಸಿಪಾಲರ ಮುಖ ಕೆಂಪಾಯಿತು. ಶ್ರೀಮತಿಯವರು ಹೂವಿನ ಜೊತೆ ಹೊರಗೇ ಉಳಿದರು. ಅದಾದ ಮೇಲೆ ನಾವು ಕೇಳಿದ ಒಂದು ಹೊಸ ಬೀಕರೂ ನಮಗೆ ಸಿಗಲಿಲ್ಲ.

ಇಷ್ಟು ಕಟ್ಟುನಿಟ್ಟು ಮಾಡಿದರೂ ಫಲ ಸೊನ್ನೆ. ಪ್ರಯೋಗಾಲಯದಲ್ಲಿ ಉದ್ದದ ಒಂದು ರಿಜಿಸ್ಟರ್ ಇತ್ತು. ಒಂದೊಂದು ಕಲ್ಲಿನ ಮುಂದೆ ಊರ ಹೆಸರು, ಆಮೇಲೆ ಫಲಿತಾಂಶ. ಹೊನ್ನಾಳಿ, ಇಲ್ಲ. ಚನ್ನಗಿರಿ, ಇಲ್ಲ. ಜಗಳೂರು, ಇಲ್ಲ. ಪುಟಗಟ್ಟಲೆ ನನ್ನ ಕೈಬರಹದಲ್ಲಿ ಇಲ್ಲ, ಇಲ್ಲ, ಇಲ್ಲ. ಮೇಷ್ಟ್ರು ಸಂಜೆ ಅದನ್ನು ತೆರೆದು ಬೆರಳಿಟ್ಟು ಓದಿ, ಮುಚ್ಚಿ, ಕೊಡೆ ಹಿಡಿದು ಮನೆಗೆ ಹೋಗುತ್ತಿದ್ದರು. ಆಮ್ಲದ ಹೊಗೆ ಕುಡಿದು ಅವರಿಗೆ ಕೆಮ್ಮು ಅಂಟಿಕೊಂಡಿತ್ತು. ಅವರ ಬೆನ್ನು ಮರೆಯಾಗುವವರೆಗೂ ನಾನು ಬಾಗಿಲಲ್ಲೇ ನಿಂತಿರುತ್ತಿದ್ದೆ. ರಿಜಿಸ್ಟರ್ ತುಂಬಿತು ಎಂದು ಇನ್ನೊಂದು ಕೇಳಲು ಹೋದರೆ ಗುಮಾಸ್ತರು ತಿರುವಿ ನೋಡಿ, "ಬರೀ ಇಲ್ಲ ಅಂತ ಬರೆಯಾಕೆ ಇನ್ನೊಂದು ಬೇಕೇನ್ರಿ?" ಎಂದರು.

ಚೆಂಡು ಹೂ

ಈ ಪ್ರಸಂಗದ ಕೊನೆಗೆ ಮೇಷ್ಟ್ರು ಆಸ್ಪತ್ರೆಯಲ್ಲಿರುತ್ತಾರೆ. ಅಲ್ಲಿಂದ ಅವರು ಮನೆಗೆ ಬರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಗೆ ಹೇಳಿದರೆ ನೀವು ನಗುವುದಿಲ್ಲ. ನನ್ನ ಪ್ರಬಂಧದ ಸಂಗತಿಯನ್ನೂ ಈಗಲೇ ಮುಗಿಸುತ್ತೇನೆ. ಈ ಕಲ್ಲುಗಳಲ್ಲಿ ಬೀಜಾಣು ಇಲ್ಲ ಎಂದು ಇನ್ನೂರು ಪುಟ ಬರೆದೆ, ಡಾಕ್ಟರೇಟು ಕೊಟ್ಟರು.

ಅವರ ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದವು. ಆಯುಧಪೂಜೆ ಬಂತು. ಮೇಷ್ಟ್ರು ರಜೆಗೆ ಊರಿಗೆ ಹೋಗಿದ್ದರು. ಅವರಿದ್ದಾಗ ಪ್ರಯೋಗಾಲಯದಲ್ಲಿ ಪೂಜೆ ಇರಲಿ, ಊದುಬತ್ತಿಯೂ ಇಲ್ಲ. ನಾನು ಬೀಗ ತೆಗೆದು ಒಳಗೆ ಹೋದೆ. ಸುತ್ತಿಗೆ, ಸೂಕ್ಷ್ಮದರ್ಶಕ, ಕಲ್ಲು ಕುಟ್ಟುವ ಕಬ್ಬಿಣದ ದೊಡ್ಡ ಕುಟ್ಟಾಣಿ, ಎಲ್ಲಕ್ಕೂ ವಿಭೂತಿ ಕುಂಕುಮ ಹಚ್ಚಿದೆ. ಕುಟ್ಟಾಣಿಗೆ ಚೆಂಡು ಹೂವಿನ ದಪ್ಪ ಹಾರ ಹಾಕಿದೆ. ಕೈಮುಗಿದು, ಮೇಷ್ಟ್ರಿಗೆ ಒಂದೇ ಒಂದಾದರೂ ಸಿಗಲಿ ಎಂದು ಬೇಡಿಕೊಂಡೆ. ನನ್ನ ಡಾಕ್ಟರೇಟಿನ ವಿಷಯ ಆಗ ನೆನಪೇ ಆಗಲಿಲ್ಲ, ನಿಜವಾಗಿ ಹೇಳುತ್ತಿದ್ದೇನೆ. ರಜೆ ಮುಗಿಯುವ ಮೊದಲು ಹಾರ ತೆಗೆದು, ಕುಟ್ಟಾಣಿಯನ್ನು ಬಟ್ಟೆಯಲ್ಲಿ ಒರೆಸಿಟ್ಟೆ.

ಮೇಷ್ಟ್ರು ಊರಿಂದ ಬಂದ ಮೇಲೆ ಮೊದಲು ಕುಟ್ಟಿದ್ದು ನ್ಯಾಮತಿಯ ಕಲ್ಲು. ಆಮ್ಲದಲ್ಲಿ ಕರಗಿಸಿ, ತೊಳೆದು, ಗಾಜಿನ ಪಟ್ಟಿಯ ಮೇಲೆ ಹಚ್ಚಿ ನೋಡಿದೆ. ನಡುವೆ ಗುಂಡಗೆ, ಮೈತುಂಬ ಮುಳ್ಳು ಮುಳ್ಳಾಗಿ ಒಂದು ಕಣ ಕೂತಿತ್ತು. ಮೇಷ್ಟ್ರನ್ನು ಕೂಗಿದೆ. ಮೇಷ್ಟ್ರು ಬಗ್ಗಿ ನೋಡಿದರು, ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ರಿಜಿಸ್ಟರ್ ಎಳೆದುಕೊಂಡು ನ್ಯಾಮತಿಯ ಮುಂದೆ ತಾವೇ 'ಇದೆ' ಎಂದು ಬರೆದರು. ಪೂಜೆಯ ನೆನಪು ನನಗೆ ಇತ್ತು. ದೇವರು ಕಣ್ಣುಬಿಟ್ಟ ಎಂದುಕೊಂಡೆನೇ ಹೊರತು ಬೇರೆ ಏನೂ ಹೊಳೆಯಲಿಲ್ಲ.

ಆ ಗಾಜಿನ ಪಟ್ಟಿಯನ್ನು ಉತ್ತರ ಭಾರತದ ಹಿರಿಯ ತಜ್ಞರೊಬ್ಬರಿಗೆ ಕಳಿಸಿದೆವು. ಉತ್ತರ ಬರುವಷ್ಟರಲ್ಲಿ ಮೇಷ್ಟ್ರ ಕೆಮ್ಮು ಬಲಿತು ಆಸ್ಪತ್ರೆ ಸೇರಿದ್ದರು. ಪ್ರಯೋಗಾಲಯಕ್ಕೆ ಬಂದ ಕಾಗದವನ್ನು ನಾನೇ ಒಡೆದೆ. ಕಣ ಬಹಳ ಚೆನ್ನಾಗಿ ಉಳಿದುಬಂದಿದೆ, ಯಾಕೆಂದರೆ ಅದು ಈಚಿನ ಚೆಂಡು ಹೂವಿನ ಪರಾಗ ಎಂದು ತಜ್ಞರು ಬರೆದಿದ್ದರು. ಓಡಿಹೋಗಿ ಒಂದು ಚೆಂಡು ಹೂ ತಂದು ಅದರ ಪುಡಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದೆ. ಅದೇ ಗುಂಡು, ಅವೇ ಮುಳ್ಳು. ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡು ಕುಟ್ಟಾಣಿಯ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ದಿನಾ ಸಂಜೆ ಆಸ್ಪತ್ರೆಗೆ ಹೋಗುತ್ತಿದ್ದೆ. "ಕಾಗದ ಬಂತೇನಪ್ಪಾ?" ಎಂದು ಕೇಳುತ್ತಿದ್ದರು. "ಇಲ್ಲ ಸಾರ್" ಎನ್ನುತ್ತಿದ್ದೆ. ಆ ಮಾತು ಹೇಳಿ ಹೇಳಿ ನನಗೆ ಅಭ್ಯಾಸವಿತ್ತು. ಎರಡು ವಾರ ಹೀಗೇ ನಡೆಯಿತು. ಒಂದು ಸಂಜೆ ಅವರು ದಿಂಬಿನ ಕೆಳಗೆ ಕೈಹಾಕಿ ಒಂದು ಲಕೋಟೆ ತೆಗೆದರು.

"ತಜ್ಞರು ಮನೆ ವಿಳಾಸಕ್ಕೂ ಒಂದು ಪ್ರತಿ ಹಾಕ್ಯಾರೆ. ಬಂದು ಎರಡು ವಾರ ಆತು. ನೀನು ಯಾವಾಗ ಹೇಳ್ತೀಯ ಅಂತ ಕಾಯ್ತಿದ್ದೆ."

ನಾನು ಜೇಬಿನ ಕಾಗದ ತೆಗೆದು ಹಾಸಿಗೆಯ ಮೇಲಿಟ್ಟೆ.

"ಕುಟ್ಟಾಣಿಗೆ ಪೂಜೆ ಮಾಡಿದೋರು ಯಾರು?"

"ನಾನೇ ಸಾರ್."

"ಏನಂತ ಬೇಡ್ಕೊಂಡೆ?"

"ನಿಮಗೆ ಒಂದೇ ಒಂದಾದರೂ ಸಿಗಲಿ ಅಂತ."

ಮೇಷ್ಟ್ರು ಸೂರು ನೋಡಿದರು. ನನ್ನ ಕಣ್ಣಿಂದ ನೀರು ಇಳಿಯುತ್ತಿತ್ತು. ಆಮೇಲೆ ಅವರ ಎದೆ ಕುಲುಕತೊಡಗಿತು. ಕೆಮ್ಮು ಬಂತೆಂದು ನೀರಿನ ಲೋಟ ಹಿಡಿದು ಬಗ್ಗಿದರೆ, ನಗುತ್ತಿದ್ದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಬೇಡಿಕೊಂಡಷ್ಟು ಲೆಕ್ಕ ಮಾಡಿ ಕೊಟ್ಟಾನಲ್ಲೋ. ದೇವರದೇನೂ ತಪ್ಪಿಲ್ಲ" ಎಂದರು. ಉಸಿರು ಹಿಡಿದುಕೊಂಡು, ನನ್ನ ಮುಂಗೈ ತಟ್ಟಿ, ಪಾಠ ಹೇಳುವ ದನಿಯಲ್ಲಿ ಮುಂದುವರಿಸಿದರು. "ಮುಂದಿನ ಸಲ ಸೇವಂತಿಗೆ, ಕಣಗಿಲೆ ಎರಡೂ ಹಾಕು. ಒಂದೇ ಜಾತಿ ಇದ್ರೆ ಪ್ರಬಂಧ ತೆಳ್ಳಗೆ ಕಾಣ್ತೈತೆ."