ದೊಡ್ಡವೆಂಕಟಪ್ಪನ ಜೀನು ಪಾಲಾದದ್ದು

ಬಾಗಲೂರಿನ ದೊಡ್ಡವೆಂಕಟಪ್ಪನವರ ಮೈಯೊಳಗಿನ ಜೀನು ಸ್ವಯಾರ್ಜಿತವಲ್ಲ, ಪಿತ್ರಾರ್ಜಿತ. ಆದಕಾರಣ ಒಡಹುಟ್ಟಿದವರ ಒಪ್ಪಿಗೆಯಿಲ್ಲದೆ ಅದನ್ನು ಒಬ್ಬರೇ ಅನುಭವಿಸತಕ್ಕದ್ದಲ್ಲವೆಂದು ಬಾಲ್ಯವಿಕಿರಣ ಪರಿಹಾರ ಕಚೇರಿಯು ಆದೇಶ ಹೊರಡಿಸಿತು. ಇಂಥ ಆದೇಶ ಪಡೆದ ಊರು ಭೂಮಂಡಲದಲ್ಲೇ ಇನ್ನೊಂದಿಲ್ಲ. ಬೆಂಗಳೂರಿನವರು ಕೇಳಿ ಹೊಟ್ಟೆ ಉರಿದುಕೊಂಡರಂತೆ.

ನಡೆದದ್ದು ಇಷ್ಟು. ಚಿಕ್ಕಂದಿನಲ್ಲಿ ದೊಡ್ಡವೆಂಕಟಪ್ಪನ ತಲೆಗೆ ಹುಳುಕಡ್ಡಿ ಹತ್ತಿತ್ತು. ಅಂತಿಂಥ ಹುಳುಕಡ್ಡಿಯಲ್ಲ, ನೋಡಲು ಪಕ್ಕದೂರಿನವರು ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಆಗ ವ್ಯಾನಿನಲ್ಲಿ ಬಂದ ಯಾರೋ ಡಾಕ್ಟರು ತಲೆಗೆ ಒಂದಿಷ್ಟು ಎಕ್ಸ್‌ರೇ ಬಿಟ್ಟು, ಪೆಪ್ಪರಮೆಂಟು ಕೊಟ್ಟು ಕಳಿಸಿದ್ದರು. ಈಗ ಮೊಮ್ಮಕ್ಕಳಾದ ಮೇಲೆ ಕುತ್ತಿಗೆಯಲ್ಲಿ ನೆಲ್ಲಿಕಾಯಿಯಷ್ಟು ಗಡ್ಡೆ.

ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ ಶಶಿಕಲಾ ಬಿಡಿಸಿ ಹೇಳಿದರು: "ಅಷ್ಟು ಸಣ್ಣ ಡೋಸು ಹೆಚ್ಚಿನವರಿಗೆ ಏನೂ ಮಾಡಲ್ಲ. ಆದ್ರೆ ನಿಮ್ಮ ಮನೆತನದ ಒಂದು ಜೀನು ಆ ಏಟನ್ನ ಸರಿಯಾಗಿ ರಿಪೇರಿ ಮಾಡಿಲ್ಲ. ಬೇಗ ತೆಗೆಸಿದ್ರೆ ಭಯವಿಲ್ಲ. ಬಿಟ್ರೆ ಕಷ್ಟ."

"ನೋಡಿದ್ರೇನ್ರಲಾ, ಮನೆತನದ್ದು ಅಂದವ್ರೆ!" ಎಂದು ದೊಡ್ಡವೆಂಕಟಪ್ಪ ಟೀ ಅಂಗಡಿಯಲ್ಲಿ ಎದೆಯುಬ್ಬಿಸಿದ. ಕೈ ಮಾತ್ರ ಕುತ್ತಿಗೆ ಬಿಟ್ಟು ಕದಲಲಿಲ್ಲ.

ಚಿಕ್ಕಂದಿನಲ್ಲಿ ಎಕ್ಸ್‌ರೇ ಏಟು ತಿಂದ ಇಂಥವರಿಗೆ ಪರಿಹಾರ ಕಚೇರಿ ಪುಕ್ಕಟೆ ಆಪರೇಷನ್ ಮಾಡಿಸುತ್ತದೆ. ಅಲ್ಲಿನ ಗುಮಾಸ್ತ ಚೆನ್ನಕೇಶವ ಕನ್ನಡಕ ಏರಿಸಿದ.

"ಜೀನು ಯಾರಿಂದ ಬಂತು?"

"ನಮ್ಮಪ್ಪನಿಂದ ಸಾರ್."

"ಬರೆದುಕೊಟ್ಟಿದಾರಾ?"

"ಹುಟ್ಟಿಸೋವಾಗ್ಲೇ ಕೊಟ್ಬುಟ್ಟವ್ರೆ."

"ರಿಜಿಸ್ಟರ್ ಆಗಿದ್ಯಾ?"

"ನಾನು ಹುಟ್ಟಿದ್ದೇ ರಿಜಿಸ್ಟರ್ ಆಗಿಲ್ಲ ಸಾರ್."

"ಹಾಗಾದ್ರೆ ಪಾಲಾಗದ ಸ್ವತ್ತು. ಪಾಲು ಮಾಡ್ಕೊಂಡು ಬನ್ನಿ. ಪಟ್ಟಾ ಇಲ್ಲದ ಜೀನಿಗೆ ಆಪರೇಷನ್ ಕೊಡೋ ಅಧಿಕಾರ ನಮಗಿಲ್ಲ."

ಸುದ್ದಿ ಕಿವಿಗೆ ಬಿದ್ದದ್ದೇ ತಮ್ಮ ಮುನಿರತ್ನ ಫ್ಯಾಕ್ಟರಿ ಶಿಫ್ಟು ಬಿಟ್ಟು ಓಡಿಬಂದ.

"ಅಪ್ಪ ಹೋಗಿ ಇಷ್ಟ್ ವರ್ಸ ಆಯ್ತು. ಒಂದ್ ಮಾತೂ ಹೇಳ್ದಂಗೆ ಒಬ್ನೇ ಮಡಿಕ್ಕೊಂಡವನೆ ನೋಡ್ರಪ್ಪಾ!"

"ರೋಗ ತರೋ ಜೀನು ಕಣ್ಲಾ ಅದು."

"ಏನಾರ ತರ್ಲಿ. ತರೋದ್ರಲ್ಲಿ ನಂಗೂ ಅರ್ಧ ಬರ್ಬೇಕು."

ತೊರಪಲ್ಲಿಗೆ ಕೊಟ್ಟಿದ್ದ ತಂಗಿ ಅಂಜಮ್ಮ ಬಸ್ಸಿಳಿಯುತ್ತಲೇ ಸೆರಗು ಬಿಗಿದಳು. "ಅರ್ಧ ಎಂಗ್ಲಾ ಆಯ್ತದೆ? ಹೆಣ್ಮಕ್ಳಿಗೂ ಸಮಪಾಲು. ಹೊಲ ಬುಟ್ಕೊಟ್ಟೆ, ಜೀನ್ ಬುಡಾಕಿಲ್ಲ."

ಸರ್ವೆಯರ್ ಬಂದ. ದೊಡ್ಡವೆಂಕಟಪ್ಪನನ್ನು ಕಲ್ಲಿನ ಮೇಲೆ ಕೂರಿಸಿ ಟೇಪು ಹಿಡಿದ. ಚಕ್ಕುಬಂದಿ ಹೀಗಿದೆ: ಉತ್ತರಕ್ಕೆ ಗದ್ದ, ದಕ್ಷಿಣಕ್ಕೆ ಕೊರಳೆಲುಬು, ಪೂರ್ವ ಪಶ್ಚಿಮಕ್ಕೆ ಕಿವಿಗಳು. ಮಧ್ಯೆ ಟೀ ಇಳಿಯುವ ಜಾಗವನ್ನು ಸಾರ್ವಜನಿಕ ಕಾಲುವೆ ಎಂದು ಬಿಡಲಾಯಿತು.

ಊರಿನ ಹಿರಿಯ ಸೊಣ್ಣಪ್ಪ ನ್ಯಾಯವಾಗಿಯೇ ಪಾಲು ಮಾಡಿದ. ಹಿರಿಯನಿಗೆ ಜೀನು. ಕಿರಿಯನಿಗೆ ಎಕ್ಸ್‌ರೇ. ಹೆಣ್ಣುಮಗಳು ಬರಿಗೈಲಿ ಹೋಗಬಾರದೆಂದು ಅಂಜಮ್ಮನಿಗೆ ಅರಿಶಿನ ಕುಂಕುಮದ ಜೊತೆ ಗಡ್ಡೆ.

ಚೆನ್ನಕೇಶವ ಪಾಲುಪತ್ರ ಓದಿ ಮೆಚ್ಚಿಕೊಂಡ. "ಪಕ್ಕಾ ಇದೆ. ಈಗ ನಿಮಗೆ ಬರೀ ಜೀನು. ಗಡ್ಡೆ ಅಂಜಮ್ಮನವರದು. ಆಪರೇಷನ್ ನಿಮಗ್ಯಾಕೆ?"

ನಿಯಮದಂತೆ ಅಂಜಮ್ಮನ ಕುತ್ತಿಗೆಗೆ ಸ್ಕ್ಯಾನ್ ಮಾಡಿಸಲಾಯಿತು. ವರದಿ: ಸ್ವತ್ತು ಸ್ಥಳದಲ್ಲಿ ಕಂಡುಬಂದಿಲ್ಲ.

ದೊಡ್ಡವೆಂಕಟಪ್ಪ ಸೊರಗತೊಡಗಿದ. ಊರಿಗೆಲ್ಲ ಕೇಳುವ ದನಿ ಹೊಸಿಲು ದಾಟದಾಯಿತು, ಮುದ್ದೆ ಗಂಟಲಲ್ಲೇ ನಿಲ್ಲತೊಡಗಿತು. ತಂಗಿಯನ್ನು ಹತ್ತಿರ ಕರೆದು, "ನಾನ್ ಹೋದ್ಮೇಲೆ ನಿನ್ ಗಡ್ಡೆ ನೀನ್ ತಕ್ಕೊಂಡ್ಬುಡವ್ವಾ. ಬೆಂಕೀಗ್ ಹಾಕ್ಬುಟ್ಟಾರು" ಎಂದ.

ಅಂಜಮ್ಮ ಮೂಗು ಸೀಟಿದವಳೇ ನೆಟ್ಟಗೆ ಕಚೇರಿಗೆ ಹೋಗಿ ಬಾಗಿಲಲ್ಲೇ ಕೂಗು ಹಾಕಿದಳು. "ನನ್ ಪಾಲಿನ ಗಡ್ಡೇನ ನಮ್ಮಣ್ಣ ಅವನ ಕುತ್ತಿಗೇಲಿ ಇಟ್ಕೊಂಡವನೆ. ಒತ್ತುವರಿ ಮಾಡವನೆ ಸಾರ್, ಬುಡಿಸ್ಕೊಡಿ!"

ಒತ್ತುವರಿ ಎಂದದ್ದೇ ಕಚೇರಿ ದಿಗ್ಗನೆದ್ದು ಕೂತಿತು. ಕಾಯಿಲೆಗೆ ಇಲ್ಲದ ತುರ್ತು ಒತ್ತುವರಿಗೆ ಇದೆ. ತೆರವು ಆದೇಶ ಹೊರಟಿತು, ಪೊಲೀಸರು ಬಂದರು, ಪದ್ಧತಿಯಂತೆ ಜೆಸಿಬಿಯೂ ಬಂತು. ಅದನ್ನು ಆಸ್ಪತ್ರೆ ಗೇಟಿನಲ್ಲಿ ನಿಲ್ಲಿಸಿ, ಶಶಿಕಲಾ ಸರ್ಕಾರಿ ಖರ್ಚಿನಲ್ಲಿ ಗಡ್ಡೆಯನ್ನು ಬುಡಸಮೇತ ತೆರವುಗೊಳಿಸಿದರು. "ಸರಿಯಾದ ಟೈಮಿಗೆ ಬಂದ್ರಿ" ಎಂದರು. ಒತ್ತುವರಿದಾರ ಮಂಚದ ಮೇಲಿಂದಲೇ ಮುದ್ದೆ ಕೇಳಿದ.

ಈಗ ನಮ್ಮ ಸೀಮೆಯಲ್ಲಿ ಯಾರಿಗೆ ಏನೇ ಕಾಯಿಲೆ ಬರಲಿ, ಮೊದಲು ಅದನ್ನು ಒಡಹುಟ್ಟಿದವರ ಹೆಸರಿಗೆ ಮಾಡಿಸಿ ಆಮೇಲೆ ಒತ್ತುವರಿ ದೂರು ಕೊಡಿಸುತ್ತಾರೆ. ವಾರದೊಳಗೆ ಗುಣ. ಚೆನ್ನಕೇಶವನೂ ತನ್ನ ಹರ್ನಿಯಾವನ್ನು ಭಾಮೈದನ ಹೆಸರಿಗೆ ವರ್ಗಾಯಿಸಿದ್ದಾನೆ. ಭಾಮೈದ ಮಾತ್ರ ಇನ್ನೂ ದೂರು ಕೊಟ್ಟಿಲ್ಲ. ಸ್ವತ್ತಿನ ರೇಟು ಏರಲಿ ಎಂದು ಕಾಯುತ್ತಿದ್ದಾನೆ.