ಸಲಹೆಗಾರ ಸಾಹೇಬ್ರು ಮತ್ತ ನಮ್ಮ ಜಿನ್ನಿನ ಸಂಡಾಸ

ನಮ್ಮ ಬೈಲಹೊಂಗಲದ ಹತ್ತಿ ಜಿನ್ನಿಗೆ, ಅಂದ್ರ ಹತ್ತಿಯಿಂದ ಕಾಳು ಬಿಡಸೂ ಕಾರಖಾನಿಗೆ, ಯಾರರೆ ದೊಡ್ಡವರು ಬಂದ್ರ ಏನರೆ ಒಂದು ಫಜೀತಿ ಆಗಲಾರದ ಹೋಗೂದಿಲ್ಲ. ನಾನು ಅಲ್ಲಿ ಹತ್ತಿ ಆರಿಸೂ ಕೆಲಸಾ ಮಾಡಾಕಿ. ಎಷ್ಟೋ ಮಂದಿ ಬಂದು ಹೋಗಿದ್ದು ನೋಡೇನಿ, ಒಬ್ಬರನ್ನೂ ನಂಬಿಲ್ಲ. ಆದ್ರ ಹೋದ ಸುಗ್ಗ್ಯಾಗ ಬಂದಿದ್ದ ಸಲಹೆಗಾರನ ಕತಿ ನೆನಸಿಕೊಂಡ್ರ, ಕೆಲಸಾ ಮಾಡಕೋತ ಈಗೂ ಒಬ್ಬಾಕಿನ ನಗತೇನಿ.

ಇಂವ ಯಾರಂವ?

ಒಂದಿನ ಮ್ಯಾನೇಜರ್ ನಮ್ಮನ್ನೆಲ್ಲಾ ಕೂಡಿಸಿ, "ಮುಂದಿನ ವಾರ ಸರಕಾರದ ವಿಶೇಷ ಸಲಹೆಗಾರರು ಬರಾಕ ಹತ್ತ್ಯಾರ. ಕೂಲಿಕಾರರ ಕಾಯ್ದೆ ಬದಲ ಮಾಡೂದೈತಂತ, ನಿಮ್ಮ ಅಭಿಪ್ರಾಯ ಕೇಳತಾರಂತ" ಅಂದ.

ನಮ್ಮ ಅಭಿಪ್ರಾಯ! ನಮ್ಮನ್ನ ಯಾರರೆ ಏನರೆ ಕೇಳಾಕ ಬಂದಾರಂದ್ರ ನಮ್ಮ ಕಡೆಯಿಂದ ಏನೋ ಹೋಗೂದೈತಿ ಅಂತನ ಅರ್ಥ.

ನನ್ನ ಬಾಜೂಕ ಕೂಡೂ ಮುನವಳ್ಳಿ ಅಕ್ಕ ಸುಮ್ಮನಿರಾಕಿ ಅಲ್ಲ. "ಸಲಹೆಗಾರ ಅಂದ್ರ ಮಂತ್ರಿ ಏನ್ರಿ?" ಅಂದ್ಲು.

"ಅಲ್ಲ."

"ಆಫೀಸರ್ ಏನ್ರಿ?"

"ಅದೂ ಅಲ್ಲ. ಸರಕಾರಕ್ಕ ಬುದ್ಧಿ ಹೇಳಾವ್ರು."

"ಸರಕಾರ ಕೇಳತೈತೇನು?"

"ಕೇಳಿದ್ರ ಕೇಳತೈತಿ, ಬಿಟ್ರ ಬಿಡತೈತಿ. ಪಗಾರಂತೂ ಕೊಡತೈತಿ."

ಅಕ್ಕ ಹಣಿ ಹಣಿ ಬಡಕೊಂಡ್ಲು. "ಲಗ್ನ ಆದಾಗಿಂದ ನಮ್ಮನಿಯವರಿಗೆ ಬುದ್ಧಿ ಹೇಳಾಕ ಹತ್ತೇನಿ, ಒಂದಿನ ಕೇಳಿಲ್ಲ. ಇಂಥಾ ನೌಕರಿ ಐತಂತ ಮದಲ ಯಾರೂ ಯಾಕ ಹೇಳಲಿಲ್ಲ ನನಗ!"

ಒಣಗಲಾರದ ಗ್ವಾಡಿ

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಜಿನ್ನಿನ್ಯಾಗ ಹೆಂಗಸರಿಗೆ ಸಂಡಾಸ ಇದ್ದಿದ್ದಿಲ್ಲ. ಗಂಡಸರಿಗೂ ಇದ್ದಿದ್ದಿಲ್ಲ, ಆದ್ರ ಅವರಿಗೆ ಊರ ತುಂಬ ಗ್ವಾಡಿ ಅದಾವ. ನಾವು ಹಿಂದಿನ ಜಾಲಿಕಂಟಿಗೆ ಹೋಗಬೇಕು, ಅದೂ ಒಬ್ಬಾಕಿ ಕಾಯಾಕ ಬೇಕು. ಅದಕ್ಕ ಮುಂಜಾನಿಂದ ಸಂಜೀತನಾ ನೀರ ಕುಡೀತಿದ್ದಿಲ್ಲ. ಬಿಸಲಾಗ, ಹತ್ತಿ ಧೂಳಿನ್ಯಾಗ, ಬಾಯಿ ಒಣಗಿ ನಾಲಿಗಿ ಅಂಟತಿತ್ತು. ರಾಮದುರ್ಗದ ಕಡೆಯಿಂದ ಬಂದಿದ್ದ ಹುಡುಗಿ ಒಬ್ಬಾಕಿ ಉರಿಮೂತ್ರ ತಡೀಲಾರದ ಕೆಲಸನ ಬಿಟ್ಟು ಹೋದ್ಲು. ಜಿನ್ನಿನ ಮಾಲಕ ಸಾವ್ಕಾರನ್ನ ಕೇಳಿ ಕೇಳಿ ಸಾಕಾಗಿತ್ತು. ಸಿಟ್ಟು ಬರತಿತ್ತು, ಅಳುನೂ ಬರತಿತ್ತು.

ಸಲಹೆಗಾರ ಬರತಾನಂದ ಕೂಡ್ಲೆ ಗೋದಾಮದ ಬಾಜೂಕ ಲಗೂನ ಒಂದು ಖೋಲಿ ಎದ್ದು ನಿಂತಿತು. ನೀಲಿ ಬಾಗಲಾ, ಬಾಗಲದ ಮ್ಯಾಲ ಸೀರಿ ಉಟ್ಟ ಹೆಂಗಸಿನ ಚಿತ್ರ, ಅದರ ಬಾಜೂಕ ದೊಡ್ಡದೊಂದು ಕೀಲಿ.

"ಸಂಡಾಸಕ್ಕ ಕೀಲಿ ಯಾಕ್ರಿ?" ಅಂತ ಸಾವ್ಕಾರನ್ನ ಕೇಳಿದೆ.

"ಗ್ವಾಡಿಗೆ ಹಚ್ಚಿದ ಸಿಮೆಂಟ್ ಗಿಲಾವ ಹಸಿ ಐತಿ. ಒಣಗಲಿ, ತಡೀರಿ."

ದಿನಾ ಕೇಳಿದ್ವಿ, ದಿನಾ ಅದ ಉತ್ತರಾ. ಹೊರಗ ನೋಡಿದ್ರ ನೆಲದ ಮ್ಯಾಲ ಕಾಲಿಡಾಕ ಆಗಲಾರದಂಥಾ ಬಿಸಲು. ಅಕ್ಕ ಅಂದ್ಲು, "ಹಪ್ಪಳ ಒಣಗಿದವು, ಶಾವಿಗಿ ಒಣಗಿದವು, ನಾವ ಒಣಗಿ ಕಟಿಗಿ ಆದ್ವಿ. ಸಾವ್ಕಾರನ ಗ್ವಾಡಿಗೊಂದ ಬಿಸಲು ಬಡೀವಲ್ದು."

ತಾಲೀಮು

ಆಮ್ಯಾಲ ಮ್ಯಾನೇಜರ್ ನಮಗ ನಾಟಕದ ತಾಲೀಮು ಕೊಟ್ಟಂಗ ಉತ್ತರಾ ಕಲಸಾಕ ಸುರು ಮಾಡಿದ. ತಾನ ಸಲಹೆಗಾರ ಆಗಿ ಕುರ್ಚಿ ಮ್ಯಾಲ ಕುಂತ.

"ದಿನಕ್ಕ ಎಷ್ಟು ತಾಸು ದುಡೀತೀರಿ?"

"ಎಂಟ ತಾಸ್ರಿ" ಅಂದ್ವಿ, ಕಲಿಸಿದಂಗ.

"ಸಂಡಾಸ ಐತೇನು?"

"ಐತ್ರಿ."

"ಬಳಸತೀರೇನು?"

"ದಿನಾ ಬಳಸತೇವ್ರಿ."

"ಶಾಬಾಸ್!" ಅಂದ.

ನಾನು ಕೇಳಿದೆ, "ಒಳಗ ಹೆಂಗೈತಿ ಅಂತ ಕೇಳಿದ್ರ ಏನ್ ಹೇಳೂದ್ರಿ?"

ಮ್ಯಾನೇಜರ್ ತಲಿ ಕೆರಕೊಂಡ. ಆ ಕಡೆ ಈ ಕಡೆ ನೋಡಿ ಸಣ್ಣ ದನೀಲೆ ಅಂದ, "ಸಾವ್ಕಾರ ನನಗೂ ತೋರಸಿಲ್ಲ ಯವ್ವಾ."

ಎರಡೂ ಕಡೆ ಚಾ

ಸಲಹೆಗಾರ ಬಂದ. ಹಿಂದಿನ ದಿನಾ ಕಿತ್ತೂರ ಕಡೆ ಮುಗಿಸಿದ್ನಂತ, ಸಂಜೀಕ ಸವದತ್ತಿಗೆ ಹೋಗಾಂವ ಇದ್ದ. ಬೆಂಗಳೂರ ಮಾತು. ಕೈ ಮುಗದು, ಕುರ್ಚಿ ಬಿಟ್ಟು, ನಮ್ಮ ನಡುವ ನೆಲದ ಮ್ಯಾಲನ ಕುಂತಬಿಟ್ಟ. ನಮ್ಮ ಸಂಶೆ ಇನ್ನೂ ಹೆಚ್ಚಾತು. ಇಷ್ಟು ಮೆತ್ತಗ ಮಾತಾಡತಾನಂದ್ರ ಏನೋ ದೊಡ್ಡದ ಕಸಗೊಳ್ಳಾಕ ಬಂದಾನ ಅಂತ ನಾನು ಸೆರಗು ಬಿಗಿ ಮಾಡಿಕೊಂಡೆ.

"ದಿನಕ್ಕೆ ಹನ್ನೆರಡು ಗಂಟೆ ಕೆಲಸ, ವಾರಕ್ಕೆ ನಾಲ್ಕೇ ದಿನ. ಉಳಿದ ಮೂರು ದಿನ ರಜೆ. ಹೀಗಾದರೆ ಹೇಗೆ?" ಅಂತ ಕೇಳಿದ.

"ಆ ಮೂರು ದಿನ ಏನ್ ಮಾಡೂದ್ರಿ?" ಅಂದ್ಲು ಅಕ್ಕ.

"ಮನೆಯಲ್ಲಿ ವಿಶ್ರಾಂತಿ ತಗೊಳ್ಳಿ."

ನಾವೆಲ್ಲಾ ಬಿದ್ದು ಬಿದ್ದು ನಕ್ವಿ. "ಮನ್ಯಾಗ ವಿಶ್ರಾಂತಿ ಅಂತ! ಸಾಹೇಬ್ರ, ವಿಶ್ರಾಂತಿ ಸಿಗಲಿ ಅಂತನ ನಾವು ಜಿನ್ನಿಗೆ ಬರತೇವಿ!"

ಸಲಹೆಗಾರನೂ ನಮ್ಮ ಜೋಡಿ ನಗೂದು ನೋಡಿ ಸಾವ್ಕಾರಗ ಅಂಜಿಕಿ ಬಂತು. "ಸಾಹೇಬ್ರ, ಆಫೀಸಿನ್ಯಾಗ ಚಾ ಆಗೇತಿ, ಬರ್ರಿ" ಅಂತ ಕರಕೊಂಡು ಹೋದ. ಅಲ್ಲಿ ಏನ್ ಕಿವಿ ತುಂಬತಾನೋ ಅಂತ ನಮಗ ಸಂಶೆ. ನಾವೂ ಕಿಟ್ಲಿ ತರಿಸಿ, "ನಮ್ಮ ಚಾ ಕುಡೀಲಿಲ್ಲಂದ್ರ ಹೆಂಗ್ರಿ?" ಅಂತ ವಾಪಸ್ ಕರಕೊಂಡು ಬಂದ್ವಿ. ಸಾವ್ಕಾರ ಮಜ್ಜಿಗಿ ತರಿಸಿದ. ನಾವು ಕಬ್ಬಿನ ಹಾಲು ತರಿಸಿದ್ವಿ. ನಮ್ಮ ಕಡೆ ಬಂದವರು ಒಲ್ಲೆ ಅಂದ್ರ ಜಗಳಾ ತಗದಂಗ. ಬೆಂಗಳೂರಿನಂವ ಆದ್ರೂ ಅಷ್ಟು ತಿಳಕೊಂಡಿದ್ದ, ಪಾಪ, ಎಲ್ಲಾ ಕುಡದ. ಕಡೀಕ ಹೊಟ್ಟಿ ಮ್ಯಾಲ ಕೈ ಇಟಗೊಂಡು, "ಎರಡೂ ಕಡೆಯವರ ಅಹವಾಲು ಸ್ವೀಕರಿಸಿದ್ದೇನೆ. ಇನ್ನು ಜಾಗ ಇಲ್ಲ" ಅಂದ.

ಬಾಗಲಾ ತಗದಾಗ

ಆಮ್ಯಾಲ ಸಲಹೆಗಾರ ಕುಂತಲ್ಲೆ ಮಿಸುಕಾಡಾಕ ಹತ್ತಿದ. ಕಾಲ ಮ್ಯಾಲ ಕಾಲ ಹಾಕಿದ, ತಗದ. ಪೆನ್ನು ಕಿಸೇದಾಗ ಇಟ್ಟು ಎದ್ದು ನಿಂತ. ನೀಲಿ ಬಾಗಲಾ ಕಣ್ಣಿಗೆ ಬಿತ್ತು.

"ಕ್ಷಮಿಸಿ, ಹೆಂಗಸರದ್ದು ಅಂತ ಗೊತ್ತು. ಒಂದೇ ನಿಮಿಷ. ಬೀಗ ತೆಗೀರಿ" ಅಂದ.

ಸಾವ್ಕಾರನ ಮಾರಿ ಬೆಳ್ಳಗಾತು. "ಗಿಲಾವ ಹಸಿ ಐತ್ರಿ..."

"ನಾನು ಗೋಡೆ ಮುಟ್ಟಲ್ಲ!"

"ಚಾವಿ ಮನ್ಯಾಗ ಬಿಟ್ಟ ಬಂದೇನ್ರಿ..."

"ಅಂಗಿ ಕಿಸೇದಾಗ ಐತಲ್ರಿ ಸಾವ್ಕಾರ್ರ" ಅಂದೆ ನಾನು. ಬಾಯಿ ಸುಮ್ಮನಿರಲಿಲ್ಲ, ಏನ್ ಮಾಡ್ಲಿ.

ಬಾಗಲಾ ತಗದ್ರು. ಒಳಗ ನೆಲದಿಂದ ತಗಡಿನತನಾ ಹತ್ತಿಕಾಳಿನ ಚೀಲ! ಮ್ಯಾಲಿಂದೊಂದು ಚೀಲ ಧಡಕ್ಕನ ಬಂದು ಸಲಹೆಗಾರನ ಬೂಟಿನ ಮುಂದ ಬಿತ್ತು. ಗುಂಡಿ ಇಲ್ಲ, ಪೈಪಿಲ್ಲ, ನೀರಿಲ್ಲ. ನಾವು ಏನೇನೋ ಸಂಶೆ ಪಟ್ಟಿದ್ವಿ, ಆದ್ರ ಖರೇ ಹೇಳತೇನಿ, ಇಷ್ಟು ಪಟ್ಟಿದ್ದಿಲ್ಲ. ನನಗ ನಗು ಬರಲಿಲ್ಲ, ಹೊಟ್ಟಿ ಉರೀತು.

ಸಾವ್ಕಾರ ಕೈ ಮುಗದ. "ಮನಸಿಗೆ ತಗೋಬ್ಯಾಡ್ರಿ ಸಾಹೇಬ್ರ. ಹೆಂಗೂ ನೀವು ಹೊಸಾ ಕಾಯ್ದೆ ತರಾಕ ಹತ್ತೀರಿ. ಅದು ಬರ್ಲಿ. ಎಷ್ಟು ಉದ್ದ, ಎಷ್ಟು ಅಗಲ ಅಂತ ಅದರಾಗ ಬರದಿರತೀರಲ್ಲ, ಹಂಗ ಕಟ್ಟಸತೇನಿ."

ಸಲಹೆಗಾರ ಎರಡೂ ಮೊಳಕಾಲು ಕೂಡಿಸಿ ನಿಂತು, ಮಷೀನಿನ ಸಪ್ಪಳದ ಮ್ಯಾಲ ಒದರಿದ, "ಕಾಯ್ದೆ ಬರೋ ತನಕ ತಡ್ಕೊಳ್ಳೋಕಾಗಲ್ಲ ರೀ!"

ಮುನವಳ್ಳಿ ಅಕ್ಕ ಹೆಂಗಸರ ನಡುವಿಂದ ಮುಂದ ಬಂದ್ಲು.

"ಬರಕೋರಿ ಸಾಹೇಬ್ರ" ಅಂದ್ಲು. "ನಮ್ಮದೂ ಅದ ಮಾತು."