ತೊಡದೇವಿಗೆ ಸಹಾಯಧನ

ಶಿರಸಿ ಪೇಟೆಯಲ್ಲಿ ನನ್ನದು ಡಬ್ಬಿ, ಬಾಟಲಿ, ಪ್ಯಾಕಿಂಗ್ ಕವರುಗಳ ಅಂಗಡಿ. ಸಣ್ಣ ಉದ್ಯಮಕ್ಕೆ ಸರ್ಕಾರದ ಸಹಾಯಧನ ಅಂತ ಸುದ್ದಿ ಬಂದರೆ ಸಾಕು, ನಗುವುದಕ್ಕೆ ನಾನು ಬೇರೆ ಕಡೆ ಹೋಗಬೇಕಾಗಿಲ್ಲ. ಅರ್ಜಿ ಹಾಕಿಕೊಡಲು ಸರ್ಕಾರವೇ ಒಬ್ಬ ಸಹಾಯಕರನ್ನು ನೇಮಿಸಿದೆ. ಜನರಿಂದ ಅವರು ಕಾಸು ಮುಟ್ಟುವಂತಿಲ್ಲ. ಹಾವೇರಿ ಕಡೆಯವರು. ವಾರಕ್ಕೊಮ್ಮೆ ಕೂರಲು ನನ್ನ ಅಂಗಡಿಯ ಬೆಂಚು ಕೊಟ್ಟಿದ್ದೇನೆ. ಪುಣ್ಯಕ್ಕಲ್ಲ. ಸಹಾಯಧನ ಸಿಕ್ಕವರಿಗೆ ಡಬ್ಬಿ ಬೇಕಾಗುತ್ತದೆ.

ಪುಕ್ಕಟೆಯ ತೊಂದರೆ

ಯಲ್ಲಾಪುರದಿಂದ ಹಲಸಿನ ಚಿಪ್ಸ್ ಮಾಡುವವರೊಬ್ಬರು ಬಂದು ಫೀಸು ಎಷ್ಟು ಅಂತ ಕೇಳಿದರು. ಏನೂ ಇಲ್ಲ ಅಂದಾಗ ಮುಖ ಸಣ್ಣದಾಯಿತು. ಪುಕ್ಕಟೆ ಹಾಕಿದ ಅರ್ಜಿಯನ್ನು ಯಾರು ನೋಡುತ್ತಾರೆ ಅನ್ನುತ್ತ ಎದ್ದುಹೋಗಿ ಏಜೆಂಟನೊಬ್ಬನಿಗೆ ದುಡ್ಡು ಕೊಟ್ಟರು. ಮುಂದಿನ ವಾರ ಆ ಏಜೆಂಟ್ ಅವರ ಕಾಗದ ಹಿಡಿದು ನಮ್ಮ ಬೆಂಚಿಗೇ ಬಂದ. ಕೆಲಸ ಮುಗಿದ ಮೇಲೆ ಸಹಾಯಕರಿಗೆ ಬುದ್ಧಿಯನ್ನೂ ಹೇಳಿದ: "ನೀವೂ ಸ್ವಲ್ಪ ತಗೊಳ್ರಿ ಸರ್. ಜನಕ್ಕೆ ನಂಬಿಕೆ ಬರ್ತದೆ."

ಯಂತ್ರ

ಕಾನಸೂರಿನ ಅಕ್ಕ ಒಬ್ಬರು ತೊಡದೇವು ಮಾಡಿ ಮಾರುತ್ತಾರೆ. ಕಾಗದದಷ್ಟು ತೆಳುವಾದ ಸಿಹಿ. ಮಳೆಗಾಲದ ತೇವಕ್ಕೆ ಮೆತ್ತಗಾಗಿ ವ್ಯಾಪಾರವೇ ನಿಲ್ಲುತ್ತದೆ. ಗಾಳಿಯಾಡದಂತೆ ಪ್ಯಾಕ್ ಮಾಡುವ ಯಂತ್ರ ಅವರಿಗೆ ಬೇಕೇ ಬೇಕಿತ್ತು. ಈಗ ಇರುವ ಯಂತ್ರ ಯಾವುದು ಅಂತ ಸಹಾಯಕರು ಕೇಳಿದರು. ಬೋರಲು ಹಾಕಿದ ಮಡಕೆ, ಒಳಗೆ ಬೆಂಕಿ, ಮೇಲೆ ಬಟ್ಟೆಯಲ್ಲಿ ಹಿಟ್ಟು ಬಳಿಯುವುದು ಅಂದರು ಅಕ್ಕ. ಸಹಾಯಕರು ಶ್ರದ್ಧೆಯಿಂದ ಬರೆದುಕೊಂಡು, ಗ್ಯಾರಂಟಿ ಎಷ್ಟು ದಿನದ್ದು ಅಂದರು.

"ಕೈಯಿಂದ ಜಾರೋ ತನಕ."

ತಪಾಸಣೆ

ಬ್ಯಾಂಕಿನ ಸಾಲ ಮಂಜೂರಾದರೆ ಮಾತ್ರ ಸಹಾಯಧನ. ಮ್ಯಾನೇಜರು ಮಾಲು ನೋಡಲು ಕಾನಸೂರಿಗೆ ಹೊರಟರು. ಸಹಾಯಕರ ಜೊತೆ ನಾನೂ ಜೀಪು ಹತ್ತಿದೆ. ತಯಾರಾದ ಮಾಲು ತೋರಿಸಬೇಕು ಅಂತ ಅಕ್ಕನಿಗೆ ಮೊದಲೇ ಹೇಳಿದ್ದೆವು. ದೊಡ್ಡ ಡಬ್ಬಿ ತುಂಬಿಸಿಯೂ ಇಟ್ಟಿದ್ದರು. ಆದರೆ ನಮ್ಮ ಕಡೆ, ಬಂದವರಿಗೆ ಕುಡಿಯಲು ಆಸರಿಗೆ ಕೊಡದೆ, ಏನಾದರೂ ತಿನ್ನಿಸದೆ ಕೆಲಸದ ಮಾತು ಎತ್ತುವ ಪದ್ಧತಿ ಇಲ್ಲ. ತೊಡದೇವು ಬಂತು, ಮೇಲೆ ತುಪ್ಪ. ಸಾಕು ಅಂದವರ ತಟ್ಟೆಗೆ ಇನ್ನೆರಡು. ಮ್ಯಾನೇಜರು, ಡ್ರೈವರು, ಸಹಾಯಕರು, ನಾನು, ಯಾರೂ ಹಿಂದೆ ಬೀಳಲಿಲ್ಲ.

ಕೈ ತೊಳೆದು ಬಂದ ಮ್ಯಾನೇಜರು ಫೋಟೋಕ್ಕೆ ಮೊಬೈಲು ತೆಗೆದು, ಮಾಲು ತೋರಿಸಿ ಅಂದರು. ಅಕ್ಕ ಡಬ್ಬಿಯ ಮುಚ್ಚಳ ತೆಗೆದರು. ತಳದಲ್ಲಿ ಪುಡಿ ಇತ್ತು.

ಸಹಾಯಕರ ಮುಖ ಇಳಿದುಹೋಯಿತು. ಮಾಲು ಕಾಣದೆ ಸಾಲವಿಲ್ಲ. ಮಳೆಗಾಲ ಬೇರೆ ಹತ್ತಿರ.

"ನೀವೇ ತಿಂದ್ರಲ್ಲ," ಅಂದರು ಅಕ್ಕ ಮೆಲ್ಲಗೆ. "ಮನೆಗೆ ಬಂದವ್ರಿಗೆ ಕೊಡದೆ ಫೋಟೋಕ್ಕೆ ಅಂತ ಇಟ್ಕಳ್ಳೂಕೆ ಆಗ್ತದಾ?"

ಮ್ಯಾನೇಜರು ಖಾಲಿ ಡಬ್ಬಿಯದೇ ಫೋಟೋ ತೆಗೆದರು. ಮಾಲು ಖರ್ಚಾಗುತ್ತದೆ ಅನ್ನುವುದು ಖಾತ್ರಿಯಾಯಿತು, ಸಾಲ ಕೊಡುತ್ತೇನೆ, ಆದರೆ ಒಂದು ಷರತ್ತು ಅಂದವರು ನನ್ನ ಕಡೆ ಕೈ ತೋರಿಸಿದರು. "ಮಾರೋದು ಇವರ ಅಂಗಡಿಯಲ್ಲಿ. ನಿಮ್ಮ ಮನೆಯಲ್ಲಿ ಬೇಡ."

ಅಕ್ಕ ನನ್ನನ್ನು ಒಮ್ಮೆ ನೋಡಿ ತಲೆಯಾಡಿಸಿದರು.

"ಅದು ಸರಿ. ಸಾವ್ಕಾರ್ರು ಬಂದವ್ರಿಗೆ ನೀರೂ ಕೊಡೂದಿಲ್ಲ."